ಒಂದು ಚೂರು ರೊಟ್ಟಿಯ ಭಯ

ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿ ಕಂಡರೆ ಕುರ್ಚಿ ಹತ್ತುವವಳು, ಗುಡುಗಿದರೆ ಕಿಟಕಿ ಮುಚ್ಚುವವಳು. ಆದರೆ ಅಮ್ಮನ ಕೊನೆಯ ದಿನಗಳಲ್ಲಿ ನನ್ನನ್ನು ಹಿಡಿದ ಭಯವಿತ್ತಲ್ಲ, ಅದರ ಮುಂದೆ ಅವೆಲ್ಲ ಏನೂ ಅಲ್ಲ. ಒಂದು ಗುಟುಕು ನೀರಿಗೆ ಹೆದರಿದೆ. ಒಂದು ಚಮಚ ಗಂಜಿಗೆ ಹೆದರಿದೆ.

ಅಮ್ಮನಿಗೆ ಆಗ ಎಂಬತ್ತು ದಾಟಿತ್ತು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಶಿಡ್ಲಘಟ್ಟದ ಮನೆಗೆ ಬೀಗ ಹಾಕಿ ಚಿಕ್ಕಬಳ್ಳಾಪುರಕ್ಕೆ, ನನ್ನ ಮನೆಗೆ ಕರೆತಂದಿದ್ದೆ. ಒಂದು ಬೆಳಿಗ್ಗೆ ಕಾಫಿ ಕುಡಿಸುವಾಗ ಕೆಮ್ಮು ಹತ್ತಿತು. ಆಮೇಲೆ ಕೆಮ್ಮೂ ನಿಂತಿತು, ಉಸಿರೂ ನಿಂತಿತು. ತುಟಿ ನೀಲಿಗಟ್ಟಿತು. ಬೆನ್ನು ಗುದ್ದುತ್ತಾ 'ಅಯ್ಯೋ ಕರ್ತನೇ' ಎಂದು ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿತಂತೆ. ಹೇಗೋ ಉಸಿರು ಮರಳಿತು. ಡಾಕ್ಟರು ಪರೀಕ್ಷಿಸಿ, "ನುಂಗೋ ಶಕ್ತಿ ಕಮ್ಮಿಯಾಗಿದೆಯಮ್ಮ. ತೆಳ್ಳಗಿರೋದು ಶ್ವಾಸಕೋಶಕ್ಕೆ ಹೋಗುತ್ತೆ, ಒಣಗಿರೋದು ಗಂಟಲಲ್ಲಿ ನಿಲ್ಲುತ್ತೆ. ಗಟ್ಟಿ ಗಂಜಿ ಮಾತ್ರ ಕೊಡಿ. ಗಂಟಲು ಆಡಿದ್ದು ನೋಡ್ಕೊಂಡು ಮುಂದಿನ ಚಮಚ ಕೊಡಿ" ಎಂದರು.

ಅವತ್ತಿನಿಂದ ನನಗೆ ಅಮ್ಮನ ಮುಖ ಕಾಣುವುದೇ ನಿಂತುಹೋಯಿತು. ಗಂಟಲೊಂದೇ ಕಾಣುತ್ತಿತ್ತು. ಚಮಚ ಬಾಯಿಗಿಟ್ಟು, ಗಂಟಲು ಆಡುವವರೆಗೆ ನನ್ನ ಉಸಿರನ್ನೂ ಹಿಡಿದು ಕೂರುತ್ತಿದ್ದೆ. ಅಮ್ಮನಿಗೆ ಅದೇ ತಮಾಷೆ. ಅವಳ ತವರು ಚಿಂತಾಮಣಿ ಕಡೆ. ಬೈಯುವುದು, ಗೇಲಿ ಮಾಡುವುದು ಎಲ್ಲ ತೆಲುಗಿನಲ್ಲೇ. "ಏಮೇ, ಅಂತ ಭಯಮಾ?", ಏನೇ, ಅಷ್ಟೊಂದು ಭಯವಾ, ಎಂದು ಸೊಟ್ಟಗಾದ ಬಾಯಲ್ಲೇ ನಗುತ್ತಿದ್ದಳು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಹೀಗಿರುವಾಗ, ಚಿಂತಾಮಣಿಯಲ್ಲಿರುವ ನನ್ನ ತಮ್ಮ ಅಮ್ಮನನ್ನು ನೋಡಲು ಬಂದ. ಅವನ ಕೈ ಹಿಡಿದು ಅಮ್ಮ ಕೇಳಿದ್ದು ಒಂದೇ: ಕರ್ತನ ಭೋಜನ. ತಿಂಗಳ ಮೊದಲ ಭಾನುವಾರ ದೇವಾಲಯದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಯೇಸುವಿನ ನೆನಪಿಗೆ ಕೊಡುವ ರೊಟ್ಟಿಯ ಚೂರು, ದ್ರಾಕ್ಷಾರಸ. ಹಾಸಿಗೆ ಹಿಡಿದವರಿಗೆ ಸಭಾಪಾಲಕರು, ನಮ್ಮ ಪಾದ್ರಿಗಳು, ಮನೆಗೇ ಬಂದು ಕೊಡುವ ಪದ್ಧತಿ ನಮ್ಮಲ್ಲಿದೆ. ಈ ಮಹಾನುಭಾವ ನನಗೊಂದು ಮಾತೂ ಹೇಳದೆ ಅವರಿಗೆ ಫೋನ್ ಮಾಡಿ ಗೊತ್ತುಮಾಡಿಬಿಟ್ಟಿದ್ದ.

"ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿಲ್ವೇನೋ ನಿಂಗೆ? ಒಣಗಿರೋದೂ ಆಗಲ್ಲ, ನೀರಾಗಿರೋದೂ ಆಗಲ್ಲ!"

"ಒಂದು ಚೂರು ಕಣಕ್ಕ."

"ಒಂದು ಚೂರೇ ಸಾಕಲ್ಲಪ್ಪ ಪ್ರಾಣ ಹೋಗೋಕೆ! ನೀನು ಬಸ್ ಹತ್ತಿ ಹೋಗ್ತೀಯ. ಹೆಣ ಇಟ್ಕೊಂಡು ಕೂರೋಳು ನಾನು."

ತಮ್ಮ ತಲೆ ತಗ್ಗಿಸಿ, "ಇನ್ನೇನು ಕೇಳಿದಾಳೆ ಹೇಳು, ಜೀವಮಾನದಲ್ಲಿ?" ಎಂದ. ಅವನಿಗೆ ಟೈಫಾಯ್ಡ್ ಬಂದಾಗಲೂ ಅವನನ್ನು ಹೆಗಲ ಮೇಲೆ ಹಾಕಿಕೊಂಡೇ ಆರಾಧನೆಗೆ ನಡೆದುಹೋದವಳು ಅಮ್ಮ. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರು. ಅವರು ತಂದದ್ದರಲ್ಲಿ ನಮಗೆಲ್ಲ ಬಡಿಸಿ, ಉಳಿದರೆ ಉಂಡವಳು. ತನಗಾಗಿ ಬಾಯಿಬಿಟ್ಟು ಏನನ್ನೂ ಕೇಳಿದ್ದಿಲ್ಲ.

ಭಾನುವಾರ ಮಧ್ಯಾಹ್ನ ಸಭಾಪಾಲಕರು ಬಂದರು. ಬಾಗಿಲಲ್ಲೇ ಅಡ್ಡ ನಿಂತು ನನ್ನ ಗೋಳು ಹೇಳಿಕೊಂಡೆ. ಅವರು ಚಪ್ಪಲಿ ಬಿಡುತ್ತಾ, "ಸಾಸಿವೆಯಷ್ಟು ಚೂರನ್ನು ರಸದಲ್ಲಿ ಚೆನ್ನಾಗಿ ನೆನೆಸಿ ಕೊಡ್ತೀನಮ್ಮ. ಅದೂ ಬೇಡ ಅಂದ್ರೆ ಬರೀ ಪ್ರಾರ್ಥನೆ ಮಾಡಿ ಹೋಗ್ತೀನಿ. ನೀವು ಹೆಂಗೆ ಹೇಳ್ತೀರೋ ಹಂಗೆ" ಎಂದರು. ಎಲ್ಲ ನನ್ನ ತಲೆಗೇ ಕಟ್ಟಿದರು! ಬೇಡ ಎನ್ನಲೂ ಧೈರ್ಯವಿಲ್ಲ, ಬೇಕು ಎನ್ನಲೂ ಧೈರ್ಯವಿಲ್ಲ. ಸುಮ್ಮನೆ ದಾರಿ ಬಿಟ್ಟೆ.

ಅಮ್ಮನನ್ನು ದಿಂಬಿಗೊರಗಿಸಿ ನೆಟ್ಟಗೆ ಕೂರಿಸಿದೆವು. ತಲೆಯ ಮೇಲೆ ಸೆರಗು ಹೊದಿಸಿದೆ. ಪ್ರಾರ್ಥನೆ ನಡೆಯುವಷ್ಟು ಹೊತ್ತೂ ನಾನು ಬೇಡಿಕೊಂಡದ್ದು ಒಂದೇ: ಅವಳು ಬಾಯಿ ತೆರೆಯದಿರಲಿ. ನೆನೆದ ಚೂರನ್ನು ಅವರು ತುಟಿಯ ಬಳಿ ತಂದರು. ನಿಜವಾಗಿಯೂ ಅಮ್ಮ ಬಾಯಿ ತೆರೆಯಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿದಳು. 'ಬೇಡವಂತೆ ಅಯ್ಯನೋರೇ, ಬಿಟ್ಟುಬಿಡಿ' ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಅವರು ತಗೊಂಡ್ರಾ?" ಎಂದಳು ಅಮ್ಮ.

"ಯಾರಮ್ಮಾ?" ಎಂದ ತಮ್ಮ.

ನನಗೆ ತಿಳಿಯಿತು. ನಮ್ಮ ದೇವಾಲಯದಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂರುತ್ತಾರೆ. ಭೋಜನಕ್ಕೆ ಗಂಡಸರದು ಮೊದಲ ಸರದಿ. ಅಪ್ಪ ಹೋಗಿ, ಮೊಣಕಾಲೂರಿ, ತೆಗೆದುಕೊಂಡು ಬಂದು ತಮ್ಮ ಜಾಗದಲ್ಲಿ ಕೂರುವ ತನಕ ಅಮ್ಮ ಏಳುತ್ತಿರಲಿಲ್ಲ. ಪಕ್ಕದ ಹೆಂಗಸರೆಲ್ಲ ದಾಟಿ ಹೋದರೂ ಬಲಗಡೆಗೇ ನೋಡುತ್ತಾ ಕೂತಿರುತ್ತಿದ್ದಳು. "ದೇವರ ಮುಂದೆಯೂ ಗಂಡಂದೇ ಮೊದಲ ಪಂಕ್ತಿಯೇನಮ್ಮಾ?" ಎಂದು ನಾನು ಛೇಡಿಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಎಲ್ಲರದೂ ಮುಗಿಯುವವರೆಗೆ ಕಾದು, ಕಟ್ಟಕಡೆಗೆ ಒಬ್ಬಳೇ ಎದ್ದು ಹೋಗುತ್ತಿದ್ದಳು.

ಈಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳ ಬಾಯಿಯೂ ಮುಚ್ಚಿರುತ್ತಿತ್ತು, ಚೂರು ತಟ್ಟೆಗೆ ಹಿಂದಿರುಗುತ್ತಿತ್ತು, ಅಮ್ಮ ಉಳಿಯುತ್ತಿದ್ದಳು. ಆದರೆ ಅವಳು ಬಲಗಡೆಯ ಖಾಲಿ ಗೋಡೆಯನ್ನೇ ನೋಡುತ್ತಾ ಕಾಯುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ತಗೊಂಡ್ರಮ್ಮ. ಬಂದು ಕೂತಿದಾರೆ" ಎಂದೆ.

ಅಮ್ಮ ಬಾಯಿ ತೆರೆದಳು.

ಚೂರು ಒಳಗೆ ಹೋಯಿತು. ನಾನು ಗಂಟಲನ್ನೇ ನೋಡಿದೆ. ಆಡಲಿಲ್ಲ. ತಮ್ಮ ನನ್ನ ಮಣಿಕಟ್ಟನ್ನು ಹಿಡಿದುಕೊಂಡ. ಇನ್ನೂ ಆಡಲಿಲ್ಲ. ಕೊಂದುಬಿಟ್ಟೆನಲ್ಲಪ್ಪ, ನನ್ನ ಕೈಯಾರೆ ಕೊಂದುಬಿಟ್ಟೆ ಎಂದುಕೊಂಡೆ. ಆಗ ಗಂಟಲು ಮೇಲೆದ್ದು ಕೆಳಗಿಳಿಯಿತು. ಕೆಮ್ಮು ಬರಲಿಲ್ಲ.

ಮಂಚದ ಪಕ್ಕದಲ್ಲೇ ಕುಸಿದು ಕೂತೆ. ಅಮ್ಮ ಎಡಗೈಯಿಂದ ನನ್ನ ಹೆಗಲು ತಟ್ಟಿದಳು. ಸಮಾಧಾನಕ್ಕೇನೋ ಎಂದುಕೊಂಡೆ. ಅಲ್ಲ, ನೂಕುತ್ತಿದ್ದಳು.

"ಏಳೇ. ನಂದಾಯ್ತು. ಇನ್ನು ನೀನು ಹೋಗು."

ಸಭಾಪಾಲಕರು ತಟ್ಟೆಯನ್ನು ನನ್ನತ್ತ ತಿರುಗಿಸಿದರು. ಅಪ್ಪ ಹೋದ ಮೇಲೆ ಅಮ್ಮ, ಅಮ್ಮ ಹೋದ ಮೇಲೆ ನಾನು. ಆವತ್ತಿನವರೆಗೆ ಅಷ್ಟು ಹೆದರಿದ್ದಿಲ್ಲ. ಆದರೂ ಕೈ ಚಾಚಿದೆ.