ಮೂರು ಸುತ್ತು ಸೊನ್ನೆ

ಕಾಪುವಿನಲ್ಲಿ ನನ್ನದು ಎಸ್‌ಟಿಡಿ ಬೂತಿಗೆ ಅಂಟಿಕೊಂಡಂತಿದ್ದ ಸಣ್ಣ ಸೈಬರ್ ಅಂಗಡಿ. ಇದ್ದದ್ದು ಒಂದು ಕಂಪ್ಯೂಟರ್, ಒಂದು ಫೋನ್ ಲೈನ್, ಒಂದು ಮೇಲ್ ವಿಳಾಸ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಕಡೆ ಸ್ವಂತ ಮೇಲ್ ವಿಳಾಸ ಇದ್ದವರು ಕಡಿಮೆ. ಗಲ್ಫಿನಲ್ಲಿದ್ದವರು ಮನೆಯವರಿಗೆ ಬರೆಯುವುದನ್ನು ನನ್ನ ಅಂಗಡಿಯ ವಿಳಾಸಕ್ಕೇ ಕಳಿಸುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಲೈನ್ ಹಾಕಿ, ಬಂದದ್ದನ್ನೆಲ್ಲ ಇಳಿಸಿಕೊಂಡು ಕೂಡಲೇ ಲೈನ್ ಕಡಿಯುತ್ತಿದ್ದೆ. ಒಮ್ಮೆ ಇಳಿಸಿಕೊಂಡರೆ ಆ ಮೇಲ್ ಬೇರೆಲ್ಲೂ ಇರುತ್ತಿರಲಿಲ್ಲ, ನನ್ನ ಡಿಸ್ಕಿನಲ್ಲಿ ಮಾತ್ರ. ಯಾವ ತಾರೀಕು ಯಾರಿಗೆ ಎಷ್ಟು ಬಂತು ಎಂದು ಡೈರಿಯಲ್ಲಿ ಬರೆದು, ತಿಂಗಳ ಕೊನೆಗೆ ಮೊತ್ತ ಹಾಕುವುದು ನನ್ನ ಅಭ್ಯಾಸ.

ಗಿರಾಕಿಗಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: "ನಾವು ಓದುವುದಿಲ್ಲ." ಅದು ಸುಳ್ಳು. ಯಾರಿಗೆ ಬಂದದ್ದು ಎಂದು ತಿಳಿಯಲು ಮೊದಲ ಸಾಲು ಓದಲೇಬೇಕಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸುತ್ತಿರಲಿಲ್ಲ.

ರವಿಕೆ ಹೊಲಿಯುವ ಅಕ್ಕ ಒಬ್ಬರಿದ್ದರು. ಗಂಡ ಮಸ್ಕತ್ತಿನಲ್ಲಿ. ಅಲ್ಲಿಂದ ಅವರು ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದು ಕಳಿಸುತ್ತಿದ್ದರು. ಅಕ್ಕ ಪರದೆಯ ಹತ್ತಿರ ಬಾಗಿ, ಅಕ್ಷರ ಕೂಡಿಸಿ, ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಪ್ರಿಂಟ್ ಕೊಡಲೇ ಎಂದರೆ ಬೇಡ.

"ಮನೆಯಲ್ಲಿ ಅತ್ತೆ ಇದ್ದಾರೆ, ನಾದಿನಿ ಇದ್ದಾಳೆ. ಒಂದು ಚೀಟಿ ಇಟ್ಟರೂ ಸಂಜೆಯೊಳಗೆ ಎಲ್ಲರೂ ಓದಿ ಆಗಿರ್ತದೆ. ಇಲ್ಲೇ ಇರಲಿ ಮಾರಾಯ್ರೆ. ನಿಮ್ಮ ಪೆಟ್ಟಿಗೆಯೇ ನನ್ನ ಟ್ರಂಕು."

ಬೇಸರವಾದ ದಿನ ಬಂದು ಹಳೆಯದೊಂದನ್ನು ತೆಗೆಸಿ ಓದಿ, ನಗುತ್ತಾ ಹೋಗುತ್ತಿದ್ದರು.

ಕೆಲವು ವರ್ಷಗಳ ಮೇಲೆ ಹೊಸ ಕಂಪ್ಯೂಟರ್ ತಂದೆ. ಹಳೆಯದನ್ನು ಕಾರ್ಕಳದ ಒಬ್ಬ ಟ್ಯೂಷನ್ ಮೇಷ್ಟ್ರಿಗೆ ಕೊಡುವುದೆಂದು ಮಾತಾಗಿತ್ತು. ಮಣಿಪಾಲದಲ್ಲಿ ರಿಪೇರಿ ಮಾಡುತ್ತಿದ್ದ ಗೆಳೆಯನಲ್ಲಿ, ಫಾರ್ಮ್ಯಾಟ್ ಮಾಡಿದ್ದೇನೆ, ಇನ್ನೇನೂ ಇಲ್ಲ ಎಂದೆ. ಅವನು ನಕ್ಕುಬಿಟ್ಟ.

"ನೀನು ಗೇಟಿನ ಬೋರ್ಡು ಕಿತ್ತು ಹಾಕಿದ್ದು ಅಷ್ಟೇ ಮಾರಾಯ. ಮನೆಯೊಳಗಿನ ಸಾಮಾನು ಹಾಗೇ ಉಂಟು. ಬೇಕಾದರೆ ಈಗಲೇ ತೆಗೆದು ತೋರಿಸ್ತೇನೆ."

ತೋರಿಸಿದ. ಪರದೆಯ ಮೇಲೆ ಮೊದಲು ಎದ್ದು ಬಂದದ್ದು ಯಾರೋ ತಾಯಿ ಗಲ್ಫಿನ ಮಗನಿಗೆಂದು ನನ್ನಲ್ಲಿ ಹೇಳಿ ಬರೆಸಿದ ಮೇಲ್. ಕೂಡಲೇ ಪರದೆ ಆರಿಸಿದೆ. ಮೇಷ್ಟ್ರ ಶಿಷ್ಯರು ಇದನ್ನು ಓದಿ ನಕ್ಕರೆ? ಅವನಿಂದ ಒಂದು ಫ್ಲಾಪಿ ಇಸಕೊಂಡು ಬಂದೆ. ಡಿಸ್ಕಿನ ಮೂಲೆಮೂಲೆಗೂ ಹೋಗಿ, ಇದ್ದದ್ದರ ಮೇಲೆಯೇ ಸೊನ್ನೆ ಬರೆಯುತ್ತಾ ಹೋಗುವ ಪ್ರೋಗ್ರಾಂ ಅದು. ಭಾನುವಾರ ಅಂಗಡಿಯ ಬಾಗಿಲು ಹಾಕಿ ಕೂತು, ಒಂದು ಸುತ್ತು ಸಾಕೆಂದು ಅವನು ಹೇಳಿದ್ದರೂ ಮೂರು ಸುತ್ತು ಓಡಿಸಿದೆ. ಡೈರಿಯಲ್ಲಿ ಬರೆದೆ: "ಮೂರು ಸುತ್ತು ಸೊನ್ನೆ. ತಪ್ಪು ಇಲ್ಲ." ಅಷ್ಟು ನೆಮ್ಮದಿಯ ಭಾನುವಾರ ನನಗೆ ಮತ್ತೆ ಸಿಕ್ಕಿಲ್ಲ.

ಮುಂದಿನ ಮಳೆಗಾಲಕ್ಕೆ ಅಕ್ಕನ ಗಂಡ ಕೆಲಸ ಬಿಟ್ಟು ಊರಿಗೆ ಬಂದರು. ಅಲ್ಲಿಯವರೆಗೆ ಅಕ್ಕ ಹಳೆಯದನ್ನು ಕೇಳಿಕೊಂಡು ಬಂದಿರಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಅಕ್ಕ ಅಂಗಡಿಗೆ ಬಂದು, ಕೊಡೆ ಮಡಚುವ ಮೊದಲೇ ಹೇಳಿದರು:

"ಪ್ರಿಂಟ್ ಕೊಡಿ ಈಗ. ಮಗಳು ಪಿಯುಸಿಯಲ್ಲಿ ಇದ್ದಾಗ ಬರೆದದ್ದು ಉಂಟಲ್ಲ, ಅದು. ಅವಳು ನರ್ಸಿಂಗ್ ಸೇರ್ತೇನೆ ಅಂತಾಳೆ, ಇವರು ಮದುವೆ ಮಾಡುವ ಅಂತಾರೆ. ಎಲ್ಲಿಯವರೆಗೆ ಓದುತ್ತಾಳೋ ಅಲ್ಲಿಯವರೆಗೆ ಓದಿಸು ಅಂತ ನೀವೇ ಬರೆದದ್ದಲ್ವಾ ಅಂತ ಕೇಳಿದೆ. ಎಲ್ಲಿ ಬರೆದಿದ್ದೇನೆ, ತೋರಿಸು ಅಂದರು. ತೋರಿಸ್ತೇನೆ ಅಂತಲೇ ಹೇಳಿ ಬಂದಿದ್ದೇನೆ."

"ಆ ಕಂಪ್ಯೂಟರ್ ಮಾರಿದೆ ಅಕ್ಕ. ಎಲ್ಲ ಅಳಿಸಿ ಕೊಟ್ಟದ್ದು. ಹೊಸದರಲ್ಲಿ ಹಳೆಯದು ಯಾವುದೂ ಇಲ್ಲ."

"ಅಳಿಸಿದ್ದನ್ನು ತೆಗೆದು ಕೊಡುವವರು ಮಣಿಪಾಲದಲ್ಲಿ ಇದ್ದಾರಂತಲ್ಲ?"

"ಅವರಿಗೂ ಸಿಗಬಾರದು ಅಂತಲೇ ಅಳಿಸಿದ್ದು."

ಅವರು ಬೆಂಚಿನ ಮೇಲೆ ಕೂತರು. ಕೊಡೆಯ ನೀರು ನೆಲಕ್ಕೆ ಇಳಿಯುತ್ತಿತ್ತು. "ನನ್ನಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ," ಎಂದರು. ಎಲ್ಲರ ಗುಟ್ಟು ಕಾಯುವ ಆ ಭಾನುವಾರ, ಗುಟ್ಟು ಯಾರದ್ದೋ ಅವರಲ್ಲಿ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಡೈರಿಯಲ್ಲಿ ಅವರ ಹೆಸರಿನ ಮುಂದೆ ತಾರೀಕು ಉಂಟು, ಲೆಕ್ಕ ಉಂಟು. ಒಳಗೆ ಏನಿತ್ತೆಂದು ಒಂದಕ್ಷರ ಇಲ್ಲ.

ಆಮೇಲೆ ಅವರು ತಲೆ ಎತ್ತಿ, ಓದಿರಲಿ ಎಂಬ ಆಸೆಯಿಂದಲೇ ಕೇಳಿದರು: "ನೀವು ಓದಿಲ್ಲ, ಅಲ್ವಾ?"

"ಇಲ್ಲಕ್ಕ. ನಾವು ಓದುವುದಿಲ್ಲ."

ಅಭ್ಯಾಸದ ಮಾತು ಬಾಯಿಂದ ತಾನಾಗಿ ಬಂತು. ಅವರು ಎದ್ದು ಹೋದರು. ಅವರು ದಾರಿಯ ತಿರುವು ಮುಟ್ಟುವವರೆಗೆ ನೋಡುತ್ತಾ ನಿಂತೆ. ಅಂಗಡಿಯನ್ನು ಹಾಗೇ ಬಿಟ್ಟು ಮಳೆಯಲ್ಲೇ ಓಡಿದೆ.

"ಅಕ್ಕ, ಓದಿದ್ದೇನೆ."

"ಅದೊಂದನ್ನಾ?"

"ಎಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಕೊಡೆಯನ್ನು ಸ್ವಲ್ಪ ಕೆಳಗೆ ಹಿಡಿದುಕೊಂಡರು. "ಹಾಗಾದರೆ ಬನ್ನಿ," ಎಂದು ಮುಂದೆ ನಡೆದರು.

ಅವರ ಗಂಡ ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು. ಒಳಗೆ ಅವರ ತಾಯಿಯ ಕೆಮ್ಮು ಕೇಳುತ್ತಿತ್ತು. ನಾನು ಅಂಗಳದಲ್ಲೇ ನಿಂತು, ಆ ಕಾಗದ ಬಂದದ್ದು ಹೌದು, ಓದಿದ್ದೇನೆ ಎಂದೆ.

"ನಾನು ನನ್ನ ಹೆಂಡತಿಗೆ ಬರೆದದ್ದನ್ನು ನೀವು ಓದುವುದೆಂತಕ್ಕೆ?"

"ತಪ್ಪಾಯಿತು ಅಣ್ಣ."

"ಇವಳು ಹೇಳಿಕೊಟ್ಟದ್ದನ್ನು ಬಂದು ಒಪ್ಪಿಸ್ತಾ ಇದ್ದೀರಿ. ನನಗೆ ಗೊತ್ತಾಗುವುದಿಲ್ವಾ?"

ಮಗಳನ್ನು ಓದಿಸು ಎಂಬ ಆ ಸಾಲನ್ನು ಅವರು ಬರೆದ ತುಳುವಿನಲ್ಲೇ ಹೇಳಿದೆ. ಅವರು ಕತ್ತಿ ಕೆಳಗಿಟ್ಟರು. ಅದರ ಮುಂದೆ ಇನ್ನೊಂದು ಸಾಲು ಇತ್ತು: "ನಾನು ಓದಿದ್ದರೆ ಇಲ್ಲಿ ಸಿಮೆಂಟು ಹೊರಬೇಕಾಗಿರಲಿಲ್ಲ, ಅಮ್ಮನಿಗೆ ಹೇಳಬೇಡ." ಮಗ ಅಲ್ಲಿ ಸೂಪರ್‌ವೈಸರ್ ಎಂದೇ ಆ ತಾಯಿ ಊರೆಲ್ಲ ಹೇಳಿಕೊಂಡಿದ್ದರು.

"ಮುಂದಿನ ಸಾಲೂ ಹೇಳಬೇಕಾ ಅಣ್ಣ?"

ಅವರು ಒಳಬಾಗಿಲ ಕಡೆ ಒಮ್ಮೆ ನೋಡಿ ಕೈ ಎತ್ತಿದರು. "ಸಾಕು. ಬರೆದಿದ್ದೆ."

ಅಕ್ಕ ಬಾವಿಕಟ್ಟೆಯ ಕಡೆ ಹೋಗಿ ಕೊಡಪಾನ ತುಂಬಿಸತೊಡಗಿದರು. ನಾನು ಹೊರಟೆ. ಗೇಟಿನವರೆಗೆ ಅವರ ಗಂಡ ಹಿಂದೆಯೇ ಬಂದರು. ಬೈಯುತ್ತಾರೆಂದುಕೊಂಡೆ. ಧ್ವನಿ ತಗ್ಗಿಸಿ ಕೇಳಿದರು:

"ಮತ್ತೆ ಎಂತೆಲ್ಲ ಬರೆದಿದ್ದೆ ಮಾರಾಯ್ರೆ ನಾನು? ಅಲ್ಲಿ ಇದ್ದಾಗ ಎಷ್ಟು ಚೆಂದ ಮಾತಾಡ್ತಿದ್ದಿರಿ, ಈಗ ಎದುರು ಕೂತರೂ ಮಾತಿಲ್ಲ ಅಂತಾಳೆ ಇವಳು. ನನಗೆ ಒಂದೂ ನೆನಪಿಲ್ಲ."

ನನಗೆ ನೆನಪಿತ್ತು. ಅವರು ಕನಸಿನಲ್ಲಿ ಕೇಳಿದ ಹೊಲಿಗೆ ಮಿಷನ್ನಿನ ಶಬ್ದ ನೆನಪಿತ್ತು. ಮದುವೆಯಾದ ಹೊಸತರಲ್ಲಿ ಕಾಪು ದೀಪಸ್ತಂಭದ ಕೆಳಗೆ ಇಬ್ಬರೂ ಒದ್ದೆಯಾದದ್ದು ನೆನಪಿತ್ತು. ಆದರೆ ಅದನ್ನೆಲ್ಲ ನನ್ನ ಬಾಯಿಂದ ಹೇಗೆ ಹೇಳುವುದು?

"ನೆನಪಿಲ್ಲ ಅಣ್ಣ," ಎಂದೆ.

ಬಾವಿಯ ರಾಟೆಯ ಸದ್ದು ನಿಂತಿತು. ಅಕ್ಕ ಹಗ್ಗ ಹಿಡಿದುಕೊಂಡೇ ನನ್ನನ್ನು ನೋಡಿದರು. ಓದಿದ್ದೇನೆ ಎಂದ ಮೇಲೆ ಅವರು ನನ್ನ ಮುಖ ನೋಡಿದ್ದು ಆಗಲೇ.

ಮಗಳು ಆ ವರ್ಷವೇ ನರ್ಸಿಂಗಿಗೆ ಸೇರಿದಳು. ಅರ್ಜಿಯನ್ನು ಇಂಟರ್‌ನೆಟ್ಟಿನಿಂದ ತೆಗೆಸಬೇಕಿತ್ತು. ಅಕ್ಕ ಬಸ್ಸು ಹಿಡಿದು ಉಡುಪಿಗೆ ಹೋಗಿ, ಅಲ್ಲಿ ಯಾವುದೋ ಅಂಗಡಿಯಲ್ಲಿ ತೆಗೆಸಿಕೊಂಡು ಬಂದರಂತೆ.