ಮಲ್ಲಕ್ಕನ ಐದು ನಿಮಿಷ

ಮಲ್ಲಕ್ಕನನ್ನು ಮೊದಲ ಸಲ ನೋಡಿದಾಗ, ಆಕೆ ಗಂಡನನ್ನು ಕೊಲ್ಲುತ್ತಿದ್ದಾಳೆ ಎಂದೇ ತಿಳಿದಿದ್ದೆ.

ಜವನಗೊಂಡನಹಳ್ಳಿಗೆ ಕಂಬಳಿ ಕೊಳ್ಳಲು ಹೋಗಿದ್ದೆ. ಅಂಗಳದಲ್ಲಿ ಕುಳಿತಿದ್ದ ಮುದುಕನೊಬ್ಬನ ತಲೆ ಹೆಂಡತಿಯ ಮೊಣಕಾಲುಗಳ ನಡುವೆ ಸಿಕ್ಕಿಬಿದ್ದಿತ್ತು. ಆಕೆ ಅವನ ಗದ್ದವನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದಳು. ಅವನು ಕಾಲು ಬಡಿಯುತ್ತಿದ್ದ. ಕೌಟುಂಬಿಕ ಹಿಂಸೆಯ ಬಗ್ಗೆ ಪತ್ರಿಕೆಗೆ ಲೇಖನ ಬರೆದವನು ನಾನು, ಸುಮ್ಮನಿರಲು ಸಾಧ್ಯವೆ? ಹೊಟ್ಟೆಯನ್ನು ಒಳಗೆಳೆದುಕೊಂಡು, "ಬಿಡಮ್ಮ ಅವರನ್ನ! ಕಾನೂನು ಅಂತ ಒಂದಿದೆ!" ಎಂದು ಗುಡುಗಿದೆ.

"ಕಾನೂನು ಆಮೇಲೆ ಬರ್ಲಿ, ನೀವು ಈ ಕಾಲು ಹಿಡ್ಕಳ್ರಿ," ಎಂದಳು ಮಲ್ಲಕ್ಕ, ತಲೆಯನ್ನೂ ಎತ್ತದೆ. "ಕಣ್ಣಿಗೆ ಔಷಧಿ ಬಿಡ್ಬೇಕು, ಈವಯ್ಯ ಒದೀತೈತೆ."

ಹಿಡಿದುಕೊಂಡೆ. ನನಗೂ ಒಂದು ಒದೆ ಬಿತ್ತು.

ಆಕೆಯ ಗಂಡ ಪಾಲಯ್ಯನಿಗೆ ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನೋಟದ ಅಂಚು ಸದ್ದಿಲ್ಲದೆ ಸವೆಯುವ ಕಾಯಿಲೆ. ಎಡಗಡೆಯಿಂದ ಬಂದ ಸ್ವಂತ ಟಗರೇ ಕಾಣದೆ, ಅದರಿಂದ ಗುದ್ದಿಸಿಕೊಂಡು ಬೇಲಿಗೆ ಬಿದ್ದ ಮೇಲೆಯೇ ಅದು ಗೊತ್ತಾಗಿದ್ದು. ಹೋದ ನೋಟ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಒಂದು ಬಾಟಲಿಗೆ ಒತ್ತಡ ಬಗ್ಗದೆ ಎರಡನೆಯದು ಬಂದಿತ್ತು. ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಎಂದಿದ್ದರು. ಸಾಲದ್ದಕ್ಕೆ ಪಾಲಯ್ಯನಿಗೆ ತಲೆ ಬೇರೆ ಸುತ್ತುತ್ತಿತ್ತು.

"ಕಣ್ಣಿಗೆ ಕತ್ತರಿ ಹಾಕಿದ್ಮೇಲೆ ನಾನು ಕುರಿ ಹಿಂದೆ ಹೋದಂಗೇ!" ಎಂಬುದು ಅವನ ಭಯ. ಕುರಿ ಹಿಂದೆ ಹೋಗದ ಪಾಲಯ್ಯನನ್ನು ಹಗಲೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದು ಆಕೆಯ ಭಯ.

ಒದೆ ತಿಂದ ಋಣಕ್ಕೆ, ಮರುದಿನ ನಾನೇ ಇಬ್ಬರನ್ನೂ ಕಾರಿನಲ್ಲಿ ಹಿರಿಯೂರಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ಔದಾರ್ಯವನ್ನು ಯಾರಾದರೂ ಗಮನಿಸಲಿ ಎಂದು ಕಾಯುತ್ತಿದ್ದೆ. ಅವರು ದಾರಿಬದಿಯ ಕುರಿಗಳನ್ನಷ್ಟೇ ಗಮನಿಸಿದರು.

ಕಣ್ಣಿನ ಡಾಕ್ಟರ್ ಮದೀಹಾ ಒತ್ತಡ ಅಳೆದು, ಹುಬ್ಬು ಗಂಟಿಕ್ಕಿ, "ಹನಿ ಹೆಂಗ್ ಬಿಡ್ತೀರಿ ಅಜ್ಜಿ? ತೋರಿಸ್ರಿ," ಎಂದರು.

ಊರಿನ ಯಾವ ಕುರಿಗೆ ಜಡ್ಡಾದರೂ ಔಷಧಿ ಕುಡಿಸಲು ಕರೆಯುವುದು ಮಲ್ಲಕ್ಕನನ್ನೇ. ಆಕೆ ಹಿಡಿದ ಕುರಿ ಔಷಧಿ ಉಗುಳಿದ ಚರಿತ್ರೆಯಿಲ್ಲ. ಅದೇ ಪಟ್ಟಿನಲ್ಲಿ ಗಂಡನ ತಲೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಒಂದು ಬಾಟಲಿ ಹಿಂಡಿ, ಅದರ ಮೇಲೇ ಇನ್ನೊಂದನ್ನೂ ಹಿಂಡಿದಳು. ಔಷಧಿ ಕೆನ್ನೆಗಿಳಿದು ಮೀಸೆಯಿಂದ ತೊಟ್ಟಿಕ್ಕಿತು.

"ಯಪ್ಪಾ, ಇಷ್ಟ್ಯಾಕೆ ಅಜ್ಜಿ?"

"ಒಂದು ಮರಿಗೇ ಒಂದು ಮುಚ್ಚಳ ಕುಡಿಸ್ತೀವಿ ಕಣವ್ವ. ಈವಯ್ಯ ಎಷ್ಟು ಮರಿ ತೂಗ್ತೈತೆ ನೋಡು!"

ಡಾಕ್ಟರು ತಮ್ಮ ಕಣ್ಣನ್ನೇ ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ವಿವರಿಸಿದರು: "ಕಣ್ಣಲ್ಲಿ ನಿಲ್ಲೋದೇ ಒಂದು ಹನಿ. ಬೆನ್ನಿಗೇ ಇನ್ನೊಂದು ಬಿಟ್ರೆ ಮೊದಲ್ನೇದನ್ನ ತೊಳ್ಕಂಡು ಹೋಗ್ತೈತೆ. ಹೆಚ್ಚಾಗಿದ್ದು ಗಂಟಲಿಗಿಳಿದು ನಾಡಿ ನಿಧಾನ ಮಾಡೈತೆ, ಅದಕ್ಕೇ ತಾತಂಗೆ ತಲೆಸುತ್ತು." ಒಂದು ಬಾಟಲಿಯನ್ನು ಬದಲಾಯಿಸಿದರು. ಕೆಳರೆಪ್ಪೆ ಎಳೆದು ಒಂದೇ ಹನಿ, ಅದು ಗಂಟಲಿಗಿಳಿಯದಂತೆ ಕಣ್ಣು ಮುಚ್ಚಿಸಿ ಮೂಗಿನ ಕಡೆಯ ಮೂಲೆ ಮೆಲ್ಲಗೆ ಒತ್ತುವುದು, ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿ ಎಂದು ಕೈಹಿಡಿದು ಕಲಿಸಿದರು.

"ಐದು ನಿಮಿಷ ಸುಮ್ನೆ ಮಲಗಿರ್ಬೇಕಾ? ಮಾತೂ ಆಡಂಗಿಲ್ವಾ?" ಮಲ್ಲಕ್ಕ ಕೇಳಿದಳು.

"ಆಡದಿದ್ರೆ ಒಳ್ಳೇದು."

ಆಕೆಯ ಮುಖ ಯಾಕೆ ಅಷ್ಟು ಅರಳಿತೋ, ಆಗ ನನಗೆ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ತಪಾಸಣೆಗೆ ಕರೆದೊಯ್ಯಲು ಹೋದ ಸಂಜೆ. ಮದುವೆಯಾದಾಗಿನಿಂದ ಪಾಲಯ್ಯನದು ಒಂದೇ ಉಪಾಯ: ಹೆಂಡತಿ ಬಾಯಿ ತೆರೆದಳೋ, "ಕುರಿ ಅತ್ತಾಗೆ ಹೋದ್ವು" ಎಂದು ಕೋಲು ಹಿಡಿದು ಎದ್ದುಬಿಡುವುದು. ಈಗ ಕಣ್ಣು ಮುಚ್ಚಿ, ಅದರ ಮೂಲೆಯನ್ನು ಅವಳ ಬೆರಳಡಿಗೆ ಕೊಟ್ಟು ಮಲಗಿದ್ದ.

"ನಮ್ಮ ಮದುವೇಲಿ ನಿಮ್ಮವ್ವ ಕೊಟ್ಟ ಸೀರೇಲಿ ತೂತಿತ್ತು, ಗೊತ್ತಾ?"

"ಲೇ..."

"ಬಾಯಿ ಮುಚ್ಚು. ಔಷಧಿ ಕೆಟ್ಟೋಯ್ತದೆ."

ಪಕ್ಕದ ಮನೆಯ ಜುಂಜಮ್ಮ ಬೀಸಣಿಗೆ ಸಮೇತ ಬಂದು ಕುಳಿತು, "ನಿನ್ನೆ ಅತ್ತಿಗೆ ಜಗಳದ ಗಂಟ ಬಂದಿದ್ದೆಲ್ಲ, ಇವತ್ತು ಮತ್ತೆ ಹಿಂದಕ್ಕೆ ಮದುವೆಗೇ ಹೋದ್ಯಾ?" ಎಂದು ಆಕ್ಷೇಪಿಸಿದಳು.

ಮರುದಿನ ಬೆಳಿಗ್ಗೆ ಹಿರಿಯೂರಿನಲ್ಲಿ ಡಾಕ್ಟರು ಒತ್ತಡ ಅಳೆದರು. ಇನ್ನೊಮ್ಮೆ ಅಳೆದರು. "ಇಳಿದೈತೆ ತಾತ! ಸದ್ಯಕ್ಕೆ ಆಪರೇಷನ್ ಬೇಡ. ಕುರಿ ಹಿಂದೆ ಹೋಗ್ರಿ."

ಪಾಲಯ್ಯ ಕುರ್ಚಿಯಿಂದ ಜಿಗಿದೇಬಿಟ್ಟ. "ಹಂಗಾರೆ ಹನಿ ನಿಲ್ಲಿಸ್ಬೋದಾ?"

"ಇಲ್ಲ, ಜೀವ ಇರೋವರ್ಗೂ ಬಿಡ್ಬೇಕು."

ಪಾಲಯ್ಯ ಮೆಲ್ಲಗೆ ಹೆಂಡತಿಯತ್ತ ತಿರುಗಿದ. "ಹೆದರ್ಬ್ಯಾಡ," ಎಂದಳು ಆಕೆ, "ಇನ್ನೂ ಮೊದಲ್ನೇ ಬಾಣಂತನದ ಕತೆಗೇ ಬಂದಿಲ್ಲ ನಾನು." ಡಾಕ್ಟರು ನಕ್ಕರು, ಹೊರಗೆ ಕಾಯುತ್ತಿದ್ದವರು ನಕ್ಕರು, ಕೊನೆಗೆ ಪಾಲಯ್ಯನೂ ನಕ್ಕ.

ಮರಳುವಾಗ ನನ್ನೊಳಗಿನ ಲೇಖಕ ಜಾಗೃತನಾದ. ಕಾರನ್ನು ನಿಧಾನಿಸಿ, ದನಿಯನ್ನು ತಗ್ಗಿಸಿ ಕೇಳಿದೆ: "ಮಲ್ಲಕ್ಕ, ಹನಿ ಬಿಡುವ ಆ ಗಳಿಗೆಯಲ್ಲಿ, ಇಷ್ಟು ಕಾಲ ಜತೆಗೆ ಬಾಳಿದ ಗಂಡನ ಕಣ್ಣೊಳಗೆ ಇಣುಕಿದಾಗ, ನಿಮಗೆ ಅಲ್ಲಿ ಏನು ಕಾಣುತ್ತದೆ?"

"ಗೀಜು," ಎಂದಳು ಮಲ್ಲಕ್ಕ. "ಮೊದ್ಲು ಅದನ್ನ ಒರೆಸ್ಬೇಕು."