ಬಿದ್ದ ದಿನ ಕೇಳುವ ವಕೀಲರು

ನಾನು ಮಹಡಿ ಮೆಟ್ಟಿಲಲ್ಲಿ ಜಾರಿ, ತರಕಾರಿ ಚೀಲದ ಸಮೇತ ಕೆಳಮನೆಯ ವಕೀಲರ ಬಾಗಿಲಿಗೆ ಬಂದು ಬಿದ್ದಾಗ, ಅವರು ನನ್ನನ್ನು ಎತ್ತುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದರು. ಪೆಟ್ಟು ತಿಂದವರಿಗೆ ಪರಿಹಾರ ಕೊಡಿಸುವುದು ಅವರ ಕಸುಬು, ಲೋಕವೆಲ್ಲ "ಎಲ್ಲಿ ನೋವು?" ಎಂದರೆ ಅವರದು "ಯಾವತ್ತು ಬಿದ್ರಿ?" ದಾವೆ ಹೂಡಲು ಕಾನೂನು ಕೊಟ್ಟ ಗಡುವು ದಾಟಿದರೆ ಮುರಿದ ಮೂಳೆಗೂ ನೆಗಡಿಗೂ ವ್ಯತ್ಯಾಸವಿಲ್ಲ ಎಂಬುದು ಅವರ ವೇದಾಂತ. ಕೈಗೆ ಬ್ಯಾಂಡೇಜು ಕಂಡರೆ ಗುರುತಿಲ್ಲದವರನ್ನೂ ರಸ್ತೆಯಲ್ಲೇ ತಡೆದು ತಾರೀಖು ಕೇಳುತ್ತಾರೆ. "ನಿಧಾನಕ್ಕೆ ನೋಡೋಣ" ಎಂದವರನ್ನು ಮಕ್ಕಳಂತೆ ಗದರುತ್ತಾರೆ. ಹೀಗಾಗಿ ಕುಂಟುವವರೆಲ್ಲ ಅವರ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ತಲೆ ಬೆಳ್ಳಗಾಗುವವರೆಗೆ ಹಾಸ್ಯ ಬರೆದ ನನ್ನ ಬಾಗಿಲಿಗೆ, ನಗಬೇಕೆಂದು ಒಂದು ನರಪಿಳ್ಳೆಯೂ ಬಂದದ್ದಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಮಹಡಿಯಿಂದಲೇ ಹೆಂಡತಿ ತುಪ್ಪ ಸುರಿದಳು: "ವಕೀಲ್ರನ್ನ ನೋಡಿ ಕಲೀರಿ! ಯಾರ್ಯಾರೋ ಬಿದ್ದ ದಿನ ಅವರಿಗೆ ನೆನಪಿರುತ್ತೆ, ನಿಮಗೆ ನಮ್ಮ ಮದುವೆ ದಿನಾನೇ ನೆನಪಿರಲ್ಲ." ನಾನು ಬಿದ್ದದ್ದೂ ಅವತ್ತೇ ಅಲ್ಲವೇ ಎನ್ನುವಷ್ಟು ಧೈರ್ಯ ನನಗಿಲ್ಲ. ಈ ಮನುಷ್ಯನಿಗೆ ಒಂದಾದರೂ ಕೊರತೆ ಕೊಡಬಾರದಿತ್ತೇ ದೇವರೇ ಎಂದುಕೊಳ್ಳುತ್ತಿರುವಾಗಲೇ ಅವರು ನನ್ನನ್ನು ಎಬ್ಬಿಸಲು ಬಗ್ಗಿದರು. ಪ್ಯಾಂಟಿನ ಅಂಚು ಮೇಲೆ ಸರಿಯಿತು; ಒಳಗಿದ್ದದ್ದು ಕೃತಕ ಕಾಲು. ಓದುವ ವಯಸ್ಸಿನಲ್ಲಿ ಲಾರಿ ಹರಿದದ್ದಂತೆ. ಮರುಗಬೇಕಾದ ನನ್ನ ಹಾಳು ಮನಸ್ಸು ಅದಕ್ಕೂ ಕರುಬಿತು: ಇವರಿಗೆ ಎಷ್ಟು ದೊಡ್ಡ ಮೊತ್ತ ಬಂದಿರಬೇಡ! "ಇದಕ್ಕೆ ಪರಿಹಾರ ಎಷ್ಟು ಸಿಕ್ತು ಸಾರ್?" ಎಂದು ಕೇಳಿಯೇಬಿಟ್ಟೆ. ನನ್ನ ಟೊಮೆಟೊಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ ಅವರೆಂದರು: "ಗಾಯ ಮಾಯಲಿ ಅಂತ ಕಾದೆ. ಮೊದಲು ಕಾಲು ಹೋಗಿತ್ತು, ಆಮೇಲೆ ಕಾಲಾನೂ ಹೋಯ್ತು."